ಎರಡು ಹಸಿರು ಗುಂಡಿಗಳು

ಭುಜನೋವು ಎಂದು ನನ್ನ ಬಳಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಸುಳ್ಳು ಹೇಳುತ್ತಾರೆ. ಎಷ್ಟು ದಿನದಿಂದ ನೋವು ಎಂದು ಕೇಳಿದರೆ ‘ಮೊನ್ನೆಯಿಂದ’ ಎನ್ನುತ್ತಾರೆ, ತೋಳು ಹಿಡಿದು ನೋಡಿದರೆ ಆರು ತಿಂಗಳ ನೋವು. ಹೇಳಿಕೊಟ್ಟ ವ್ಯಾಯಾಮ ಮಾಡಿದಿರಾ ಎಂದರೆ ‘ದಿನಾ ಮಾಡ್ತೀನಿ ಮೇಡಂ’ ಎನ್ನುತ್ತಾರೆ, ಕೈ ಒಂದಿಂಚೂ ಮೇಲೆ ಹೋಗಿರುವುದಿಲ್ಲ. ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಚೇತನಾ ಮೇಡಂ ಹತ್ತಿರ ಬೈಸಿಕೊಳ್ಳಲಿಕ್ಕೆಂದೇ ಜನ ಬರುತ್ತಾರೆ ಎಂದು ನನ್ನ ಗಂಡ ಸಂಪತ್ ಆಡಿಕೊಳ್ಳುವುದುಂಟು. ಆದರೆ ರಾಚಪ್ಪನವರ ವಿಷಯದಲ್ಲಿ, ನಿಜವಾಗಿ ಬೈಯಬೇಕಾಗಿದ್ದ ದಿನ ನಾನು ಬೈಯಲಿಲ್ಲ. ಅದನ್ನು ಯಾರಿಗಾದರೂ ಹೇಳದೆ ನನಗೆ ನೆಮ್ಮದಿಯಿಲ್ಲ.

ಅವರು ಮೊದಲ ಸಲ ಬಂದದ್ದು ಜೂನ್ ಕೊನೆಯಲ್ಲಿ, ಹೆಂಡತಿ ಲಿಂಗಮ್ಮನವರ ಜೊತೆ. ಐವತ್ತನಾಲ್ಕು ವರ್ಷ, ಗಟ್ಟಿ ಆಳು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ವಾರೆಯಾಗಿದ್ದವು. ಎಡಗೈಯಲ್ಲಿ ಹಚ್ಚಿಕೊಂಡಿದ್ದಾರೆ ಎಂದು ನೋಡಿದೊಡನೆ ತಿಳಿಯಿತು. ಅಂಗಿಯ ಗುಂಡಿಯನ್ನೂ ಲಿಂಗಮ್ಮನವರೇ ಹಾಕಿದ್ದರು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಶೆಡ್ಡಿನಲ್ಲಿ ಅವರು ಪವರ್ ಪ್ರೆಸ್ ನಡೆಸುತ್ತಿದ್ದರು. ತಗಡಿನ ತುಂಡನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ಹಲವು ಟನ್ ಭಾರ ಒಮ್ಮೆಗೇ ಇಳಿದು ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ ಅದು.

ಭುಜ ನೋಯಲು ನೂರೆಂಟು ಕಾರಣಗಳಿವೆ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಟೀಚರಿಗೆ ಭುಜದ ಸ್ನಾಯು ಮೂಳೆಗೆ ಅಂಟುವ ಕಡೆ ಸವೆದಿರುತ್ತದೆ. ಬೈಕಿನಿಂದ ಬಿದ್ದವನಿಗೆ ಅದೇ ಸ್ನಾಯು ಹರಿದಿರುತ್ತದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕತ್ತು ಬಗ್ಗಿಸಿ ಕೂತವರಿಗೆ ರೋಗ ಕತ್ತಿನಲ್ಲಿ, ನೋವು ಭುಜದಲ್ಲಿ. ಎಡಭುಜ ನೋಯುತ್ತದೆ, ಮೆಟ್ಟಿಲು ಹತ್ತಿದರೆ ಜಾಸ್ತಿ ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ಮುಟ್ಟುವುದೇ ಇಲ್ಲ, ಸೀದಾ ಹೃದಯದ ಡಾಕ್ಟರ ಹತ್ತಿರ ಅಟ್ಟುತ್ತೇನೆ. ರಾಚಪ್ಪನವರದು ಇವು ಯಾವುವೂ ಅಲ್ಲ. ಅವರ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದೆ. ಸ್ವಲ್ಪ ಬಂದು ನಿಂತುಬಿಟ್ಟಿತು. ನಾನು ಒತ್ತಿದರೂ ಮುಂದಕ್ಕೆ ಹೋಗಲಿಲ್ಲ.

“ಶುಗರ್ ಇದೆಯಾ?” ಎಂದು ಕೇಳಿದೆ.

“ಎಂಟು ವರ್ಷ ಆಯ್ತು,” ಎಂದರು ಲಿಂಗಮ್ಮ. “ಮಾತ್ರೆ ನೆನಪಾದ್ರೆ ತಗೋತಾರೆ.”

“ನೆನಪಾದ್ರೆ ತಗೊಳ್ಳೋಕೆ ಅದೇನು ಎಲೆ ಅಡಿಕೆನಾ ರಾಚಪ್ಪನವರೇ? ಭುಜದ ಕೀಲಿನ ಸುತ್ತ ಒಂದು ಚೀಲ ಇರುತ್ತೆ. ಶುಗರ್ ಇರೋರಿಗೆ ಅದು ಗಟ್ಟಿಯಾಗಿ ಮುದುರಿಕೊಳ್ಳುತ್ತೆ. ಫ್ರೋಜನ್ ಶೋಲ್ಡರ್ ಅಂತಾರೆ. ವಾಸಿ ಆಗುತ್ತೆ, ಆದ್ರೆ ತಿಂಗಳುಗಟ್ಟಲೆ ಬೇಕು.”

ಅದಕ್ಕೂ ಮುಂಚೆ ಯಾರೋ ಉಳುಕು ತೆಗೆಯುವವರ ಹತ್ತಿರ ಹೋಗಿ, ಎಣ್ಣೆ ತಿಕ್ಕಿಸಿ, ಕೈ ಜಗ್ಗಿಸಿಕೊಂಡು ನೋವು ಎರಡರಷ್ಟು ಮಾಡಿಕೊಂಡಿದ್ದರು. ಅದಕ್ಕೂ ಸೇರಿಸಿ ಬೈದೆ. ಅವರು ತಲೆ ತಗ್ಗಿಸಿ ಬೈಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದರು.

“ಇಲ್ಲೀವರೆಗೆ ಯಾವಾಗ ಬರ್ತದೆ ಮೇಡಂ?” ಎಡಗೈಯನ್ನು ಪಕ್ಕಕ್ಕೆ ಚಾಚಿ ಹೆಗಲೆತ್ತರಕ್ಕೆ ತಂದು ತೋರಿಸಿದರು.

“ಅಲ್ಲೇನಿದೆ?”

“ಗುಂಡಿ ಇದೆ.”

ಅವರೇ ವಿವರಿಸಿದರು. ಪ್ರೆಸ್ಸಿನ ಎರಡು ಪಕ್ಕದಲ್ಲೂ ಹೆಗಲೆತ್ತರಕ್ಕೆ ಒಂದೊಂದು ಹಸಿರು ಗುಂಡಿ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ಎರಡನ್ನೂ ಒತ್ತಿದರೆ ಮಾತ್ರ ಭಾರ ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಯಾವ ಕೈಯೂ ಇರಲು ಸಾಧ್ಯವಿಲ್ಲ. ಅದಕ್ಕೇ ಆ ವ್ಯವಸ್ಥೆ.

“ಇವರಿಗಿಂತ ಮುಂಚೆ ಆ ಮಿಷನ್ನಲ್ಲಿ ಇದ್ದೋರಿಗೆ ಎರಡು ಬೆರಳಿಲ್ಲ,” ಎಂದರು ಲಿಂಗಮ್ಮ. “ಅವತ್ತಿಂದ ಗುಂಡಿ ಹಾಕಿಸಿದ್ದು. ಓನರ್ ಹೇಳಿದಾರೆ, ದಸರಾ ಒಳಗೆ ಕೈ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ, ರಾಚಪ್ಪ ಪ್ಯಾಕಿಂಗ್‌ಗೆ ಹೋಗ್ಲಿ ಅಂತ. ಹೋಗ್ಲಿ ಅಂತೀನಿ ನಾನು. ನಂಗೆ ಇವರ ಕೈ ಮುಖ್ಯ.”

“ಇಪ್ಪತ್ತೆಂಟು ವರ್ಷದ ಆಪರೇಟರ್ ನಾನು. ಡಬ್ಬಕ್ಕೆ ಟೇಪ್ ಅಂಟಿಸ್ಕೊಂಡು ಕೂರ್ಲಾ?” ಎಂದರು ರಾಚಪ್ಪ. ಅವರ ದನಿ ಏರಲಿಲ್ಲ. ಆದರೆ ಆ ಮಾತಿನಲ್ಲಿದ್ದ ಅವಮಾನ ನನಗೆ ಅರ್ಥವಾಯಿತು.

“ಸರಿ, ಈಗ ಹೆಂಗೆ ಒತ್ತುತಾ ಇದೀರಾ? ಬಲಗೈ ಮೇಲೇಳಲ್ವಲ್ಲ?”

ಅವರು ಹೆಂಡತಿಯ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದರು. “ನಡೀತಾ ಇದೆ ಮೇಡಂ. ನಮ್ಮ ಶೆಡ್ಡಿನ ಭೈರೇಶ ಅಡ್ಜಸ್ಟ್ ಮಾಡ್ಕೊಟ್ಟಿದಾನೆ.”

ಗುಂಡಿಯನ್ನು ಕೆಳಕ್ಕೆ ಇಳಿಸಿ ಕೊಟ್ಟಿರಬೇಕು ಎಂದುಕೊಂಡೆ. ಹೊರಗೆ ನಾಲ್ಕು ಜನ ಕಾದಿದ್ದರು. ಏನು ಅಡ್ಜಸ್ಟ್ ಎಂದು ನಾನು ಕೇಳಲಿಲ್ಲ.

ಚಿಕಿತ್ಸೆ ಶುರುವಾಯಿತು. ವಾರಕ್ಕೆ ಮೂರು ದಿನ, ಕೆಲಸ ಬಿಟ್ಟು ಸಂಜೆ ಆರೂವರೆಗೆ ಬರುತ್ತಿದ್ದರು. ಮೊದಲು ಬಿಸಿ ಶಾಖ. ಆಮೇಲೆ ನಾನು ಕೀಲನ್ನು ಹಿಡಿದು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಿದ್ದೆ. ಮನೆಯಲ್ಲಿ ಮಾಡಲು ಮುಂದಕ್ಕೆ ಬಗ್ಗಿ ನಿಂತು ಕೈಯನ್ನು ಜೋತುಬಿಟ್ಟು ತೂಗುವುದು, ಟವೆಲ್ಲನ್ನು ಬೆನ್ನ ಹಿಂದೆ ಹಿಡಿದು ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಮೇಲಕ್ಕೆ ಹತ್ತಿಸುವುದು. ಎಷ್ಟು ಎತ್ತರ ಮುಟ್ಟಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿ ಎಂದಿದ್ದೆ. ಮೊದಲ ಮೂರು ವಾರ ನೋವಿಗೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ರಾತ್ರಿ ಆ ಕಡೆ ಮಗ್ಗುಲಾಗಲು ಆಗುತ್ತಿರಲಿಲ್ಲ. ಆದರೂ ಒಂದು ದಿನ ತಪ್ಪಿಸಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವ ರೋಗಿ ನನಗೆ ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ರಾಚಪ್ಪನವರು ಅಂಥವರು. ಶುಗರಿನ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ನುಂಗತೊಡಗಿದರು.

ಜುಲೈ ಮುಗಿಯುವ ಹೊತ್ತಿಗೆ ರಾತ್ರಿಯ ನೋವು ನಿಂತಿತು. ಆಗಸ್ಟ್ ಕೊನೆಗೆ ಕೈ ಮುಂದಕ್ಕೆ ಎದೆಯೆತ್ತರದವರೆಗೆ ಚೆನ್ನಾಗಿ ಬರತೊಡಗಿತು. ಪಕ್ಕಕ್ಕೆ ಚಾಚಿ ಎತ್ತುವುದು ಮಾತ್ರ ಇನ್ನೂ ಆಗುತ್ತಿರಲಿಲ್ಲ. ಈ ರೋಗದಲ್ಲಿ ಅದು ಕೊನೆಗೇ ಬರುವುದು. ಮುಂದಿರುವ ವಸ್ತು ಮುಟ್ಟುತ್ತಿದ್ದರು, ಪಕ್ಕದ ಗುಂಡಿ ಮುಟ್ಟುತ್ತಿರಲಿಲ್ಲ. ನನಗೆ ಅವರ ಬಗ್ಗೆ ಹೆಮ್ಮೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಬಗ್ಗೆ.

ಸೆಪ್ಟೆಂಬರಿನ ಒಂದು ಸಂಜೆ ತೋಳಿನ ಕೋನ ಅಳೆಯುತ್ತಿದ್ದೆ. ರಾಚಪ್ಪ ಖುಷಿಯಲ್ಲಿದ್ದರು.

“ಈಗ ಬಲಗೈಯೂ ಕೆಲಸಕ್ಕೆ ಬಂತು ಮೇಡಂ. ಮೊದ್ಲು ಎಡಗೈಲೇ ಪೀಸ್ ಇಟ್ಟು, ಅದರಲ್ಲೇ ಗುಂಡಿ ಒತ್ತಬೇಕಾಗಿತ್ತು. ನಿಧಾನ ಆಗ್ತಿತ್ತು. ಈಗ ಬಲಗೈಲಿ ಪೀಸ್ ಇಡ್ತೀನಿ, ಎಡಗೈಲಿ ಒತ್ತುತೀನಿ. ಓನರ್ರೂ ಬಂದು ನೋಡಿ ಹೋದ್ರು.”

“ಭೇಷ್,” ಎಂದೆ ನಾನು.

ಅವರು ಹೇಳಿದ ಪ್ರತಿಯೊಂದು ಶಬ್ದವೂ ನನ್ನ ಕಿವಿಗೆ ಬಿದ್ದಿತ್ತು. ನಾನು ಮಾತ್ರ ಅಳತೆಯ ಮೇಲೆ ಕಣ್ಣಿಟ್ಟಿದ್ದೆ. ಹೋದ ಸಲಕ್ಕಿಂತ ಎಂಟು ಡಿಗ್ರಿ ಹೆಚ್ಚು ಬಂದಿತ್ತು.

ಮುಂದಿನ ವಾರ ಅವರ ಬಲಗೈಯ ನಡುಬೆರಳಿನ ಉಗುರು ಕಪ್ಪಾಗಿತ್ತು. ಏನಾಯಿತು ಎಂದು ಕೇಳಿದೆ. “ಚೂರು ತಾಗ್ತು,” ಎಂದು ಬೆರಳನ್ನು ಮಡಚಿಕೊಂಡರು. ಶುಗರ್ ಇರುವವರು ಗಾಯ ಮಾಡಿಕೊಳ್ಳಬಾರದು, ಕೀವಾದರೆ ನೋಡಿ ಮತ್ತೆ ಎಂದು ಗದರಿಸಿದೆ. ಎಲ್ಲಿ ತಾಗಿತು, ಯಾವುದಕ್ಕೆ ತಾಗಿತು ಎಂದು ಅವತ್ತೂ ಕೇಳಲಿಲ್ಲ. ಭುಜ ನನ್ನದು, ಬೆರಳು ನನ್ನದಲ್ಲ ಎಂಬಂತೆ ಇದ್ದೆ.

ಆಯುಧಪೂಜೆಗೆ ಶೆಡ್ಡಿಗೆ ಬರಲೇಬೇಕು ಎಂದು ಅವರು ಕೈಮುಗಿದು ಕರೆದರು. ಎರಡು ಕೈಯನ್ನೂ ಎದೆಗೆ ತಂದು ಮುಗಿದದ್ದು ನೋಡಿ ನನಗೆ ಸಂತೋಷವಾಯಿತು, ಇಲ್ಲವೆನ್ನಲಾಗಲಿಲ್ಲ. ಅವತ್ತು ಬೆಳಿಗ್ಗೆ ನನ್ನ ಕ್ಲಿನಿಕ್ಕಿನ ಯಂತ್ರಗಳಿಗೂ ಪೂಜೆ ಮಾಡಿ, ಪ್ಲಗ್ ತೆಗೆದು, ಬಾಗಿಲೆಳೆದುಕೊಂಡು ಹೊರಟೆ.

ಶೆಡ್ಡಿನ ಮುಂದೆ ಬಾಳೆಕಂದು ಕಟ್ಟಿದ್ದರು. ಒಳಗೆ ಗ್ರೀಸಿನ ವಾಸನೆ, ಊದುಬತ್ತಿಯ ಹೊಗೆ. ಓನರ್ ವೆಂಕಟಗಿರಿಯವರು ಪಂಚೆಯುಟ್ಟು ಅತ್ತಿತ್ತ ಓಡಾಡುತ್ತಿದ್ದರು. ಎಲ್ಲ ಯಂತ್ರಗಳಿಗಿಂತ ದೊಡ್ಡದು ರಾಚಪ್ಪನವರ ಪ್ರೆಸ್. ಅದನ್ನು ತೊಳೆದು, ಮೈತುಂಬ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ದಪ್ಪ ಹಾರ ಹಾಕಿದ್ದರು. ಹಾರ ಸರಿಯಾಗಿ ಅಚ್ಚಿನ ಮೇಲೆ ಇಳಿಬಿದ್ದಿತ್ತು. ರಾಚಪ್ಪನವರು ನನಗೆ ತೋರಿಸಬೇಕೆಂದು ಹತ್ತಿರ ಕರೆದರು. ಎಡಕ್ಕೆ ಒಂದು ಹಸಿರು ಗುಂಡಿ ಕಂಡಿತು. ಬಲಕ್ಕೆ ಗುಂಡಿ ಕಾಣಲಿಲ್ಲ. ಅಲ್ಲಿ ಸೈಕಲ್ ಟ್ಯೂಬಿನ ಕಪ್ಪು ಪಟ್ಟಿಯನ್ನು ನಾಲ್ಕೈದು ಸುತ್ತು ಬಿಗಿಯಾಗಿ ಕಟ್ಟಿದ್ದರು. ಆ ಪಟ್ಟಿಗೂ ಮೂರು ಬೊಟ್ಟು ಕುಂಕುಮ ಇಟ್ಟಿದ್ದರು.

“ಇದೇನಿದು?” ಎಂದು ಕೇಳಿದೆ.

ಪಕ್ಕದಲ್ಲಿ ನಿಂತಿದ್ದ ಭೈರೇಶ್, ಮೂವತ್ತೈದರ ಆಸುಪಾಸಿನ ಫಿಟ್ಟರ್, ನಾಚಿಕೊಂಡೇ ಹೇಳಿದ. “ನಾನೇ ಕಟ್ಟಿದ್ದು ಮೇಡಂ. ಅಣ್ಣಂಗೆ ಕೈ ಎತ್ತಕ್ಕಾಗಲ್ವಲ್ಲ. ಬಲಗಡೆ ಗುಂಡಿ ಯಾವಾಗ್ಲೂ ಒತ್ಕೊಂಡೇ ಇರ್ತದೆ. ಎಡಗಡೆದು ಒಂದು ಒತ್ತಿದ್ರೆ ಸಾಕು, ಮಿಷನ್ ಹೊಡೀತದೆ. ಅಣ್ಣನ್ನ ಪ್ಯಾಕಿಂಗ್‌ಗೆ ಹಾಕಿದ್ರೆ ನಮಗ್ಯಾರಿಗೂ ಇಷ್ಟ ಇರ್ಲಿಲ್ಲ.”

ಅಷ್ಟರಲ್ಲಿ ಮಂಗಳಾರತಿಯಾಯಿತು. ಬೂದುಗುಂಬಳ ಒಡೆದರು, ಕುಂಕುಮದ ನೀರು ಬಾಗಿಲಲ್ಲಿ ಹರಡಿತು. ಗಾಡಿಗಳ ಚಕ್ರಕ್ಕೆ ನಿಂಬೆಹಣ್ಣು ಇಡುವ ಹಾಗೆ ಈ ಶೆಡ್ಡಿನಲ್ಲಿ ಪ್ರೆಸ್ಸಿಗೂ ನಿಂಬೆಹಣ್ಣು ಕೊಡುವ ಪದ್ಧತಿ. ರಾಚಪ್ಪನವರು ಬಲಗೈಯಲ್ಲಿ ಹಣ್ಣನ್ನು ಅಚ್ಚಿನ ಮೇಲಿಟ್ಟರು. ನಾನು ಮೂರು ತಿಂಗಳು ಎಳೆದು, ತಿರುಗಿಸಿ, ಸಡಿಲಿಸಿದ ಕೈ ಅದು. ಎಷ್ಟು ಸಲೀಸಾಗಿ ಮುಂದಕ್ಕೆ ಹೋಯಿತು. ಆ ಕೈ ಪೂರ್ತಿ ಹೊರಗೆ ಬರುವ ಮೊದಲೇ ಎಡಗೈ ಗುಂಡಿಯ ಮೇಲಿತ್ತು. ಧಡ್ಡೆಂದು ಭಾರ ಇಳಿಯಿತು. ನಿಂಬೆಯ ರಸ ಅವರ ಬೆರಳುಗಳ ಮೇಲೆ ಚಿಮ್ಮಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ರಾಚಪ್ಪನವರು ಹೇಳಿದ್ದೆಲ್ಲ ಆಗ ಒಟ್ಟಿಗೆ ತಲೆಗೆ ಹೊಕ್ಕಿತು. ಬಲಗೈ ಅಲ್ಲಾಡದೆ ಜೋತುಬಿದ್ದಿದ್ದಾಗ ಪಟ್ಟಿ ಕಟ್ಟಿದ್ದರೂ ಅಪಾಯ ಕಡಿಮೆಯಿತ್ತು. ಪೀಸ್ ಇಡುವುದೂ ಒತ್ತುವುದೂ ಒಂದೇ ಎಡಗೈ. ಗುಂಡಿಯ ಮೇಲಿರುವ ಕೈ ಅಚ್ಚಿನೊಳಗೆ ಇರಲಾರದು. ಈಗ ಇನ್ನೊಂದು ಕೈ ಬಂದಿತ್ತು. ಗುಂಡಿ ಮುಟ್ಟುವಷ್ಟು ವಾಸಿಯಾಗಿರಲಿಲ್ಲ, ಅಚ್ಚು ಮುಟ್ಟುವಷ್ಟು ವಾಸಿಯಾಗಿತ್ತು. ಅಷ್ಟು ವಾಸಿ ಮಾಡಿದವಳು ನಾನು.

“ಆ ಪಟ್ಟಿ ಈಗ್ಲೇ ಬಿಚ್ಚಿ,” ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ವೆಂಕಟಗಿರಿಯವರು ಮಂಗಳಾರತಿ ತಟ್ಟೆ ಹಿಡಿದೇ ಬಂದರು. “ಬಿಚ್ಚಿಸ್ತೀನಿ ಮೇಡಂ, ಖಂಡಿತ ಬಿಚ್ಚಿಸ್ತೀನಿ. ಆದ್ರೆ ಪೂಜೆ ಆಗೋಗಿದೆ. ಇವತ್ತು ಯಾವ್ದನ್ನೂ ಬಿಚ್ಚೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ನಾಳೆ ವಿಜಯದಶಮಿ, ಒಂಬತ್ತೂವರೆಗೆ ಮುಹೂರ್ತದ ಪೀಸ್ ಒಂದು ಹೊಡೆದ್ಬಿಟ್ರೆ ಆಯ್ತು. ಆಮೇಲೆ ನಾನೇ ನಿಂತು ಬಿಚ್ಚಿಸ್ತೀನಿ.”

“ಪೂಜೆ ನಿಲ್ಸಿ ಅಂತ ನಾನು ಹೇಳ್ತಿಲ್ಲ. ಅದೊಂದು ಪಟ್ಟಿ.”

“ಅದಕ್ಕೂ ಕುಂಕುಮ ಇಟ್ಟಿದೀವಲ್ಲ ಮೇಡಂ,” ಎಂದ ಭೈರೇಶ್. ಅವನ ಮುಖ ಪೆಚ್ಚಾಗಿತ್ತು.

“ಒಂದೇ ಒಂದು ಪೀಸ್,” ಎಂದರು ರಾಚಪ್ಪ. “ಮೊದ್ಲಿನಂಗೆ ಎಡಗೈಲೇ ಇಟ್ಟು, ಎಡಗೈಲೇ ಒತ್ತುತೀನಿ. ಬಲಗೈ ತರೋದೇ ಇಲ್ಲ. ಆಯ್ತಲ್ಲ?”

ನಾನು ಕೂಗಾಡಬಹುದಿತ್ತು. ಮೂಲೆಯಲ್ಲಿ ಒಂದು ಬ್ಲೇಡೋ ಕತ್ತರಿಯೋ ಸಿಗುತ್ತಿತ್ತು, ನಾನೇ ಕತ್ತರಿಸಿಬಿಡಬಹುದಿತ್ತು. ಮಾಡಲಿಲ್ಲ. ನಾನೂ ಇದೇ ನೀರು ಕುಡಿದು ಬೆಳೆದವಳು, ಪೂಜೆ ಮಾಡಿಟ್ಟದ್ದಕ್ಕೆ ಕತ್ತರಿ ಹಾಕುವ ಎದೆಗಾರಿಕೆ ನನಗೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ ಅತಿಥಿ ನಾನು, ಹಬ್ಬದ ದಿನ ಅಷ್ಟು ಜನರ ಮುಖ ಕೆಡಿಸುವುದು ಹೇಗೆ ಎಂದು ಸಂಕೋಚಪಟ್ಟೆ. ಕಡಲೆಪುರಿ, ಸಿಹಿ ತೆಗೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಎದ್ದಾಗಿನಿಂದ ಮನಸ್ಸು ಸರಿಯಿರಲಿಲ್ಲ. ಗಮನ ತಪ್ಪಿ ಹಾಲು ಉಕ್ಕಿಸಿದೆ. ಒಂಬತ್ತು ಗಂಟೆಗೆ ರಾಚಪ್ಪನವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಫೋನನ್ನು ಅಂಗಿಯ ಜೇಬಿನಲ್ಲೇ ಬಿಟ್ಟು, ಅಂಗಿಯನ್ನು ಮೊಳೆಗೆ ನೇತುಹಾಕಿ ಕೆಲಸಕ್ಕೆ ನಿಲ್ಲುವುದು ಅವರ ಅಭ್ಯಾಸ ಎಂದು ಗೊತ್ತಿತ್ತು. ಆದರೂ ಮತ್ತೆ ಮಾಡಿದೆ.

“ಒಂದು ಪೀಸ್ ತಾನೇ. ಸುಮ್ನೆ ತಲೆ ಕೆಡಿಸ್ಕೋಬೇಡ ಕಣೇ,” ಎಂದ ಸಂಪತ್.

ಒಂಬತ್ತು ಹತ್ತಕ್ಕೆ ಸ್ಕೂಟರ್ ತೆಗೆದೆ. ರಜೆಯಾದ್ದರಿಂದ ರಸ್ತೆ ಖಾಲಿಯಿತ್ತು. ಹಿಂದಿನ ದಿನ ಒಡೆದ ಕುಂಬಳಕಾಯಿಯ ಹೋಳುಗಳು ಎಲ್ಲ ಕಡೆ ಬಿದ್ದಿದ್ದವು, ಸ್ಕೂಟರ್ ಜಾರದಂತೆ ನಿಧಾನಿಸಬೇಕಾಯಿತು. ಎಸ್ಟೇಟಿನೊಳಗೆ ಹೆಚ್ಚಿನ ಶೆಡ್ಡುಗಳ ಬಾಗಿಲು ಮುಚ್ಚಿತ್ತು. ಶೆಡ್ಡಿನ ಮುಂದೆ ಸ್ಕೂಟರ್ ನಿಲ್ಲಿಸುವಾಗ ಒಳಗಿನಿಂದ ಪ್ರೆಸ್ಸಿನ ಮೋಟಾರಿನ ಸದ್ದು ಕೇಳಿಸಿತು. ಸ್ಟ್ಯಾಂಡ್ ಹಾಕುತ್ತಿದ್ದೆ. ಧಡ್ಡೆಂದಿತು.

ಚಪ್ಪಾಳೆ ಕೇಳಿಸಬೇಕಿತ್ತು. ಕೇಳಿಸಲಿಲ್ಲ. ಮೋಟಾರ್ ಆಫ್ ಆಯಿತು. ಆಮೇಲೆ ಭೈರೇಶ್ ಬಾಗಿಲಿಂದ ಹೊರಗೆ ಬಂದು ರಸ್ತೆಯ ಎರಡು ಕಡೆ ನೋಡಿದ. ಅವನು ನನ್ನನ್ನು ನೋಡುತ್ತಿದ್ದ, ಆದರೆ ನಾನು ಯಾರೆಂದು ಗುರುತು ಹಿಡಿದಂತೆ ಕಾಣಲಿಲ್ಲ. “ಆಟೋ,” ಎಂದ ಮೆಲ್ಲಗೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನೇ ಎಲ್ಲ ಹೇಳಿದ. ರಾಚಪ್ಪನವರು ಮಾತು ತಪ್ಪಿರಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದರು. ತಗಡನ್ನು ಎಡಗೈಯಲ್ಲೇ ಇಟ್ಟರು, ಎಡಗೈಯನ್ನೇ ಗುಂಡಿಗೆ ಒಯ್ದರು. ಆ ಹೊತ್ತಿಗೆ ಹಾರದಿಂದ ಚೆಂಡುಹೂವಿನ ನಾಲ್ಕು ಎಸಳು ಉದುರಿ ತಗಡಿನ ಮೇಲೆ ಬಿದ್ದವು. ದೇವರ ಹೂವು, ಅಚ್ಚಿನಡಿ ಸಿಕ್ಕಿ ಜಜ್ಜಿಹೋಗಬಾರದು. ಯೋಚಿಸಿ ಮಾಡಿದ್ದಲ್ಲ ಅದು. ಬಲಗೈ ತಾನಾಗಿಯೇ ಮುಂದೆ ಹೋಗಿ ಎಸಳುಗಳನ್ನು ಒರೆಸಿತು, ಅಷ್ಟರಲ್ಲಿ ಎಡಗೈ ಗುಂಡಿ ಒತ್ತಿಬಿಟ್ಟಿತ್ತು.

“ನಾನ್ ಕಟ್ಟಬಾರದಾಗಿತ್ತು,” ಎಂದ ಭೈರೇಶ್. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ವೆಂಕಟಗಿರಿಯವರು ಹಿಂದಿನ ದಿನದ ಪಂಚೆಯಲ್ಲೇ ಗೋಡೆಗೊರಗಿ ನಿಂತಿದ್ದರು.

ನಾಲ್ಕು ಬೆರಳುಗಳು ಹೋದವು. ಹೆಬ್ಬೆರಳು ಉಳಿಯಿತು.

ಮೂರನೆಯ ದಿನ ವಾರ್ಡಿಗೆ ಹೋದೆ. ಹೋಗಲು ನನಗೆ ಹೆದರಿಕೆಯಾಗಿತ್ತು, ಎರಡು ದಿನ ಅದಕ್ಕೇ ತಪ್ಪಿಸಿಕೊಂಡಿದ್ದೆ. ಬಾವು ಇಳಿಯಬೇಕಾದರೆ ಕೈ ಮೇಲೆತ್ತಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ರಾಚಪ್ಪನವರು ದಿಂಬಿಗೆ ಒರಗಿ ಕೂತು, ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದರು. ತೋಳು ಹೆಚ್ಚುಕಡಿಮೆ ಕಿವಿಯನ್ನು ಮುಟ್ಟುತ್ತಿತ್ತು. ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸಿದ್ದಾಗ ತೋಳನ್ನು ಎತ್ತಿ ಹಿಡಿದಿದ್ದರಂತೆ, ಬಿಗಿದ ಕೀಲು ಆಗಲೇ ಬಿಟ್ಟುಕೊಂಡಿರಬೇಕು. ಮೂರು ತಿಂಗಳಲ್ಲಿ ನನ್ನಿಂದ ಮಾಡಿಸಲಾಗದಿದ್ದುದು ಅದು.

“ಭುಜ ಚೂರೂ ನೋಯ್ತಿಲ್ಲ ಮೇಡಂ,” ಎಂದರು ನನ್ನನ್ನು ಕಂಡು. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು ಅದು. ಅದನ್ನು ಕೇಳಿ ನನಗೆ ಅಳು ಬಂತು.

ಲಿಂಗಮ್ಮನವರು ಅಳುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

“ಭೈರೇಶ ಎಲ್ಲಾ ಹೇಳ್ದ,” ಎಂದರು. “ನೀವು ಬಿಚ್ಚಿ ಅಂದ್ರಂತೆ.”

“ಹೂಂ. ಅಂದೆ.”

“ಒಂದು ಸಲ ಅಂದು ಸುಮ್ನಾದ್ರಂತೆ.”

ಅವರು ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ನೀವೇ ಹೋಗಿ ಕತ್ತರಿಸಿ ಬಿಸಾಕಿದ್ರೆ ಅವರೆಲ್ಲ ಏನ್ ಮಾಡ್ತಿದ್ರು ಮೇಡಂ? ಅಪಶಕುನ ಅಂತ ನಿಮ್ಮನ್ನ ಬಯ್ಯೋರು. ಅಷ್ಟೇ ತಾನೇ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಅಷ್ಟೇ ಆಗುತ್ತಿದ್ದದ್ದು. ನಾನು ದಿನಕ್ಕೆ ಇಪ್ಪತ್ತು ಜನರನ್ನು ಬೈಯುತ್ತೇನೆ, ಒಂದು ದಿನ ಬೈಸಿಕೊಳ್ಳಲು ನನಗೆ ಆಗಲಿಲ್ಲ. ರಾಚಪ್ಪನವರ ತೋಳು ಸೋತು ಮೆಲ್ಲಗೆ ಅದುರತೊಡಗಿತ್ತು. ಮಂಚದ ಪಕ್ಕಕ್ಕೆ ಹೋಗಿ, ಅವರ ಮೊಣಕೈಯಡಿ ನನ್ನ ಅಂಗೈ ಕೊಟ್ಟು, ಆ ಭಾರ ಹೊತ್ತು ನಿಂತೆ. ಅವರು ಕಣ್ಣು ಮುಚ್ಚಿಕೊಂಡರು. ಲಿಂಗಮ್ಮನವರು ಎದ್ದು, ನಾನು ಕೂರಲೆಂದು ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿದರು. ನಾನು ಕೂರಲಿಲ್ಲ.